ಸೊನ್ನೆಯ ಆಚೆ ಬದಿ

ಅವರ ಬಲಗೈ ತೋರುಬೆರಳಿನ ಸೀಳಿನಲ್ಲಿ ಸೀಮೆಸುಣ್ಣದ ಬಿಳಿ ಗೆರೆಯೊಂದು ಕೂತಿತ್ತು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಜಮಖಂಡಿಯ ಕಾಲೇಜಿನಲ್ಲಿ ನಮಗೆ ಗಣಿತ ಕಲಿಸಿದ ಮೇಡಂ ಆ ಬೆರಳಿನಿಂದಲೇ ನಮ್ಮ ಉತ್ತರ ತಟ್ಟುತ್ತಿದ್ದರು. “ಎರಡೂ ಬದಿ ಒಂದ ಅಂತೀಯಲ್ಲ? ಕಳದು ನೋಡು, ಸೊನ್ನಿ ಬರಬೇಕು.” ನಾವು ಎಕ್ಸ್ ಇದ್ದಲ್ಲಿ ಸೊನ್ನೆಯನ್ನೋ ಒಂದನ್ನೋ ಇಟ್ಟು “ಬಂತ್ರಿ” ಎಂದರೆ ನಗುತ್ತಿದ್ದರು.

“ವರ ಹೆಂಗದಾನಂತ ಅವನ ಕಾಕಾನ್ನ ಕೇಳಿದ್ರ ಏನಂತಾನ? ಬಂಗಾರದಂಥ ಹುಡುಗ ಅಂತಾನ. ಓಣ್ಯಾಗಿನವರನ್ನ ಕೇಳ್ರಿ. ಸೊನ್ನಿ, ಒಂದು ಅಂಥಾ ಕಾಕಾಗೋಳ; ಎಕ್ಸ್‌ಗೆ ಏಳು ಇಟ್ಟು ನೋಡ್ರಿ.”

ಎಂ.ಎಸ್ಸಿ. ಕೊನೆಯ ವರ್ಷ ನಾನು ಬರೆದ ಪ್ರೋಗ್ರಾಮಿನ ಕೆಲಸವೂ ಅದೇ: ಎಕ್ಸ್, ವೈಗಳಿರುವ ಉದ್ದನೆಯ ಲೆಕ್ಕವೊಂದು, ಅವುಗಳ ಜಾಗದಲ್ಲಿ ಯಾವ ಅಂಕಿ ಇಟ್ಟರೂ, ಸೊನ್ನೆಗೆ ಸಮವೋ ಅಲ್ಲವೋ ಹೇಳುವುದು. ಗೈಡ್ ಒಪ್ಪಿಯಾಗಿತ್ತು, ಸಲ್ಲಿಸಲು ವಾರ ಉಳಿದಿತ್ತು. ಬನಹಟ್ಟಿಯಲ್ಲಿದ್ದ ಮೇಡಂ ಮನೆಗೆ ಲ್ಯಾಪ್‌ಟಾಪ್ ಒಯ್ದೆ. ಪಕ್ಕದ ಮನೆಯ ಪವರ್‌ಲೂಮಿನ ಸದ್ದಿನಲ್ಲಿ ಇಬ್ಬರೂ ಕೂಗಿ ಮಾತಾಡಿದೆವು.

ಅವರು ಕೊಟ್ಟದ್ದು ಚಿಕ್ಕದು: ಎಕ್ಸ್‌ನ ವರ್ಗದ ವರ್ಗಮೂಲದಿಂದ ಎಕ್ಸ್ ಕಳೆ. ಪ್ರೋಗ್ರಾಮು ಹಲವು ಅಂಕಿ ಇಟ್ಟು ನೋಡಿ “ಸೊನ್ನೆ” ಎಂದಿತು.

“ಮೈನಸ್ ಮೂರು ಇಡು.”

ಒಂಬತ್ತರ ವರ್ಗಮೂಲ ಮೂರು. ಅದರಿಂದ ಮೈನಸ್ ಮೂರು ಕಳೆದರೆ ಆರು. ನಾನು ಆರಿಸಿಟ್ಟ ಅಂಕಿಗಳೆಲ್ಲ ಸೊನ್ನೆಗಿಂತ ದೊಡ್ಡವಾಗಿದ್ದವು.

“ಎಲ್ಲಾರೂ ಕಾಕಾಗೋಳ ಬೇ ಇವರು! ಸೊನ್ನಿ ಆಚಿ ಬದಿ ಹೋಗೇ ಇಲ್ಲ ನೀ.”

“ಆ ಬದೀನೂ ಸೇರಸ್ತೀನ್ರಿ.”

“ಸೇರಸು. ಆದ್ರ ಎಷ್ಟ ಮಂದೀನ್ನ ಕೇಳಿದ್ರೂ ಖಾತ್ರಿ ಆಗೂದಿಲ್ಲ. ಸಾಧಿಸಾಕ ಬರಲಿಲ್ಲಂದ್ರ ಗೊತ್ತಿಲ್ಲ ಅನ್ನಾಕ ಕಲಸು ಅದಕ್ಕ.”

“ಪರೀಕ್ಷಾ ಮಾಡಾವ್ರು ನಗ್ತಾರ್ರಿ.”

“ನಗಲಿ. ಸುಳ್ಳು ಸೊನ್ನಿಗಿಂತ ಛಲೋ.”

ಆ ವಾರ ಕುರ್ಚಿ ಬಿಟ್ಟು ಏಳದೆ ಪ್ರೋಗ್ರಾಮನ್ನು ಬುಡದಿಂದ ತಿದ್ದಿದೆ. ಪರೀಕ್ಷಕರು ನಕ್ಕೇ ನಕ್ಕರು. ಗೊತ್ತಿಲ್ಲ ಎನ್ನಲು ಕಂಪ್ಯೂಟರ್ ಬೇರೆ ಬೇಕೇ ಎಂದರು. ನಾನು ಎದ್ದು, ಮೊದಲಿನ ಪ್ರೋಗ್ರಾಮು ಎಲ್ಲೆಲ್ಲಿ ಸುಳ್ಳು ಹೇಳುತ್ತಿತ್ತೆಂದು ಬೋರ್ಡಿನ ಮೇಲೆ ಮಾಡಿ ತೋರಿಸಿದೆ. ನಗು ನಿಂತಿತು. ಪಾಸಾದೆ.

ಮರುವರ್ಷ ಮೇಡಂ ಹಾಸಿಗೆ ಹಿಡಿದರು. ನಾನು ಹೋದಾಗ ಮಂಚದ ಸುತ್ತ ಬಳಗವಿತ್ತು. “ಆರಾಮ ಆಗ್ತೀರಿ, ಏನೂ ಆಗೂದಿಲ್ಲ” ಎಂದು ಎಲ್ಲರೂ ಹೇಳುತ್ತಿದ್ದರು. ಮೇಡಂ ನನ್ನ ಕೈ ಹಿಡಿದರು. ಬೆರಳಿನ ಬಿಳಿ ಗೆರೆ ಮಾಸಿಹೋಗಿತ್ತು.

“ಇಲ್ಲಿರಾವ್ರೆಲ್ಲಾ ಕಾಕಾಗೋಳ. ನೀ ಹೇಳು, ಆರಾಮ ಆಗ್ತೀನೇನು?”

ಹೌದೆನ್ನುವುದು ಸುಲಭವಿತ್ತು.

“ಗೊತ್ತಿಲ್ಲರೀ, ಮೇಡಂ.”

ಬಳಗ ನನ್ನತ್ತ ಸಿಟ್ಟಿನಿಂದ ತಿರುಗಿತು. ಮೇಡಂ ಮಾತ್ರ ನಕ್ಕರು.

“ನಮ್ಮ ಓಣ್ಯಾಕಿ ಬಂದಾಳ,” ಎಂದರು. “ಇಕಿಗೆ ಛಾ ಕೊಡ್ರಿ.”

ಅವರಿಂದ ನಾನು ಕೇಳಿದ ಕೊನೆಯ ಮಾತು ಅದು.