ಖಾರ ಕೇಳಿದ ದೆವ್ವ

ಮೊಮ್ಮಗಳು ಬಿಟ್ಟುಹೋದ ದೆವ್ವದ ಕಾದಂಬರಿಯೊಂದನ್ನು ಬೆಳಿಗ್ಗೆಯಿಂದ ಓದುತ್ತಿದ್ದೇನೆ. ಈ ವಯಸ್ಸಿನಲ್ಲಿ ಇದೆಂಥ ಚಪಲ ಎಂದು ನೀವು ನಗುವುದಾದರೆ ನಗಿ. ಇದರಲ್ಲಿ ದೆವ್ವ ಎದುರಿಗೆ ನಿಂತಿದ್ದರೂ ಮನೆಯವರು ಉಪ್ಪಿನಕಾಯಿ ಭರಣಿಗಾಗಿ ಜಗಳವಾಡುತ್ತಾರೆ. ಒಂದು ಪುಟಕ್ಕೆ ಹೆದರಿ, ಮರುಪುಟಕ್ಕೆ ನಕ್ಕು, ಒಲೆಯ ಮೇಲಿನ ಬಂಗುಡೆ ಮೀನಿನ ಸಾರನ್ನು ಮರೆತೇಬಿಟ್ಟೆ. ತಳ ಹಿಡಿದ ವಾಸನೆ ಮೂಗಿಗೆ ಬಡಿದಾಗ ದೊಡ್ಡಮ್ಮ ನೆನಪಾದಳು.

ಅರವತ್ತರ ದಶಕದ ಮಾತು. ನಾನಾಗ ಏಳನೇ ತರಗತಿ. ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಬೆಳಿಗ್ಗೆ ಮೀನಿನ ಬುಟ್ಟಿಯೊಂದಿಗೆ ಕುಂದಾಪುರದಿಂದ ವಂಡ್ಸೆಯ ಕಡೆ ಹೋಗಿ ಮಾರಿ ಬಂದು, ಮಧ್ಯಾಹ್ನ ಮಿಂದು ಉಂಡು ನಮ್ಮ ಜಗಲಿಯಲ್ಲಿ ಕಾಲು ಚಾಚುತ್ತಿದ್ದಳು. ಅಕ್ಷರ ಬಾರದು, ಕಥೆಯ ಹುಚ್ಚು ವಿಪರೀತ.

"ಹೆಣೆ, ಪುಸ್ತಕ ತಕಂಬಾ. ಆ ದೆವ್ವ ಎಂತ ಮಾಡ್ತ್ ಕಾಂಬ," ಎಂದು ನನ್ನನ್ನು ಕರೆಯುವಳು.

ಸತ್ತ ಯಜಮಾನನೊಬ್ಬ ದೆವ್ವವಾಗಿ ಬಂದು ಅಳಿಯನ ಕನ್ನಡಕ ಅಡಗಿಸಿಡುವ ಕಥೆ ಅದು. ಹೆದರಿಕೆಯಾದರೆ ದೊಡ್ಡಮ್ಮ ನನ್ನ ಲಂಗದ ಅಂಚು ಹಿಡಿಯುವಳು, ನಗು ಬಂದರೆ ಬೆನ್ನಿಗೆ ಗುದ್ದುವಳು. ನನಗೆ ದೆವ್ವಕ್ಕಿಂತ ಆ ಗುದ್ದಿನ ಭಯವೇ ಜಾಸ್ತಿ.

ದೊಡ್ಡಪ್ಪ ಏಳು ವರ್ಷದ ಹಿಂದೆ ದೋಣಿಯಲ್ಲಿ ಹೋದವನು ಮರಳಿರಲಿಲ್ಲ. ಹೆಣವೂ ಸಿಕ್ಕಿರಲಿಲ್ಲ. ದೀಪಾವಳಿಗೆ ನಮ್ಮ ಮನೆಯಲ್ಲಿ ತೀರಿಹೋದವರಿಗೆ ಬಾಳೆ ಎಲೆಯಲ್ಲಿ ಎಡೆ ಬಡಿಸಿ, ಬಾಗಿಲು ಮುಂದೆ ಮಾಡಿ ಹೊರಗೆ ಕಾಯುತ್ತಿದ್ದೆವು. ಮತ್ತೆ ಒಳಹೋಗುವ ಮೊದಲು ಒಮ್ಮೆ ಕೆಮ್ಮಬೇಕು, ಉಣ್ಣಲು ಬಂದವರು ಗಾಬರಿಯಾಗಬಾರದಲ್ಲ. ದೊಡ್ಡಪ್ಪನಿಗೂ ಒಂದು ಎಲೆ ಹಾಕೆಂದು ಅಮ್ಮ ಹೇಳಿದರೆ ದೊಡ್ಡಮ್ಮ ಸಿಡಿಯುತ್ತಿದ್ದಳು: "ಬದ್ಕಿಪ್ಪವ್ರಿಗೆ ಎಡೆ ಹಾಕುದಾ? ಅವ್ರ್ ಬತ್ರ್."

ನನಗೊಂದು ಕೆಟ್ಟ ಚಟ. ಓದುವಾಗ ನನ್ನದೂ ನಾಲ್ಕು ಮಾತು ಸೇರಿಸುತ್ತಿದ್ದೆ. ಒಂದು ದಿನ ಕಥೆಯ ದೆವ್ವ ಅಡುಗೆಮನೆಗೆ ನುಗ್ಗಿತು. ದೊಡ್ಡಮ್ಮ ಇನ್ನಷ್ಟು ನಗಲಿ ಎಂದು, ದೊಡ್ಡಪ್ಪ ದಿನವೂ ಊಟಕ್ಕೆ ಕೂತಾಗ ಹೇಳುತ್ತಿದ್ದ, ಚಿಕ್ಕಂದಿನಿಂದ ನನಗೆ ನೆನಪಿದ್ದ ಮಾತನ್ನು ಅವನದೇ ಗಡಸು ದನಿಯಲ್ಲಿ ದೆವ್ವದಿಂದ ಆಡಿಸಿದೆ: "ಎಂತ ಮಾರಾಯ್ತಿ, ಸಾರಿಗೆ ಖಾರವೇ ಇಲ್ಲ!"

ಗುದ್ದು ಬೀಳಲಿಲ್ಲ. ತಿರುಗಿ ನೋಡಿದರೆ ಅವಳ ಮುಖ ಬಿಳಿಚಿತ್ತು.

"ಪುಸ್ತಕದಗೆ ಹಾಂಗೇ ಇತ್ತಾ?"

ಹೆದರಿ, "ಹೌದ್" ಅಂದೆ.

"ಹಾಂಗಾರೆ ಹಸ್ದ್ಕಂಡ್ ಇದ್ರ್ ಅವ್ರ್," ಎಂದು ಎದ್ದು ಹೋದಳು. ಆ ಪುಸ್ತಕವನ್ನು ಮತ್ತೆ ಕೇಳಲೇ ಇಲ್ಲ.

ಆ ದೀಪಾವಳಿಗೆ ಯಾರೂ ಹೇಳದೆ ದೊಡ್ಡಮ್ಮ ಒಂದು ಎಲೆ ಹೆಚ್ಚು ಹಾಕಿದಳು. ಬಂಗುಡೆ ಸಾರು ಕೆಂಪಗೆ ಉರಿಯುವಂತಿತ್ತು. ಬಾಗಿಲು ಮುಂದೆ ಮಾಡಿ ನಾವೆಲ್ಲ ಕಾದೆವು. ಉಳಿದವರಿಗೆ ಸಾಕೆನಿಸಿದ ಮೇಲೂ ಅವಳು ಏಳಲಿಲ್ಲ. ಕೊನೆಗೆ ಕೆಮ್ಮಿ, "ಹ್ವಾಯ್, ಉಂಡಾಯ್ತಾ? ಖಾರ ಸಾಕಾಯ್ತಾ?" ಎಂದವಳೇ ಬಾಗಿಲಿಗೆ ಹಣೆಯಿಟ್ಟು ಗೊಳೋ ಎಂದು ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಆ ಮಾತು ನನ್ನದೆಂದು ಅವಳಿರುವ ತನಕ ಹೇಳುವ ಧೈರ್ಯ ನನಗೆ ಬರಲಿಲ್ಲ. ಅವಳ ಪಾಲಿಗೆ ಬದುಕಿದ್ದ ದೊಡ್ಡಪ್ಪನನ್ನು ಒಂದೇ ಸುಳ್ಳಿನಲ್ಲಿ ಕೊಂದೆನೆಂದು ಎಷ್ಟೋ ವರ್ಷ ಕೊರಗಿದ್ದೇನೆ. ಇಂದು ಈ ಕಾದಂಬರಿಗೆ ಒಬ್ಬಳೇ ನಗುತ್ತಿದ್ದಾಗ ಬೇರೆಯೇ ಅನಿಸಿತು. ಏಳು ವರ್ಷ ಉಪವಾಸವಿದ್ದವನಿಗೆ ಅಂದು ಊಟವಾಯಿತು. ಅವಳಿಗೂ ಕೊನೆಗೊಮ್ಮೆ ಅಳಲು ಸಾಧ್ಯವಾಯಿತು.

ಪುಸ್ತಕ ಮುಚ್ಚಿ ಸೀದ ಸಾರು ಇಳಿಸಲು ಎದ್ದೆ. ಅಡುಗೆಮನೆಯ ಬಾಗಿಲು ಗಾಳಿಗೆ ಮುಚ್ಚಿಕೊಂಡಿತ್ತು. ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದೂ, ದೂಡುವ ಮೊದಲು ಒಮ್ಮೆ ಕೆಮ್ಮಿದೆ.