ಉರಿಯಿಲ್ಲದ ಒಲೆಯ ಮುಂದೆ ನಮ್ಮತ್ತೆ

ಪಾತ್ರೆಯಲ್ಲಿ ಹಾಲು ಉಕ್ಕಿ ಬಂತು. ಒಲೆಗೂ ಪಾತ್ರೆಗೂ ನಡುವೆ ನಾನು ಹಾಸಿದ್ದ ಹಳೆಯ ಪೇಪರು ಮಾತ್ರ ಸುಡಲೇ ಇಲ್ಲ. ಬಾಗಿಲಲ್ಲೇ ನಿಂತಿದ್ದ ನಮ್ಮತ್ತೆ ಬೆರಗಾದರು.

“ಉರಿನೇ ಇಲ್ವಲ್ಲೇ, ಹಾಲು ಹೆಂಗ್ ಕಾಯ್ತು?”

ಕುಣಿಗಲ್ಲಿನ ಮನೆಯಲ್ಲಿ ಗ್ಯಾಸ್ ಒಲೆಯ ಉರಿ ಸೆರಗಿಗೆ ತಗುಲಿ ಕೈ ಸುಟ್ಟುಕೊಂಡ ಮೇಲೆ ಅವರು ಒಲೆಯ ಹತ್ತಿರ ಸುಳಿದಿರಲಿಲ್ಲ. ಆಗಷ್ಟೇ ತುಮಕೂರಿನ ಅಂಗಡಿಗಳಿಗೆ ಬಂದಿದ್ದ ಇಂಡಕ್ಷನ್ ಒಲೆಯನ್ನು ನಾನು ತಂದದ್ದೇ ಅವರಿಗಾಗಿ.

“ಒಳಗಿರೋ ತಂತಿ ಸುರುಳಿ ಪಾತ್ರೆ ತಳನೇ ಬಿಸಿ ಮಾಡುತ್ತೆ ಅತ್ತೆ. ಅಯಸ್ಕಾಂತ ಅಂಟೋ ಪಾತ್ರೆ ಇಟ್ರೆ ಮಾತ್ರ. ಪಾತ್ರೆ ಎತ್ತಿದ್ರೆ ತಾನೇ ನಿಂತೋಗುತ್ತೆ” ಎಂದೆ.

ಅವರು ಮೆಲ್ಲಗೆ ಬಂದು ಪೇಪರಿನ ಅಂಚು ಮುಟ್ಟಿದರು. ಬೆಚ್ಚಗಿತ್ತಷ್ಟೇ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನನ್ನು ಪಕ್ಕಕ್ಕೆ ಸರಿಸಿ, ತಾವೇ ಬಟನ್ ಒತ್ತಿದರು. ಸಂಜೆ ಗುಬ್ಬಿಯಿಂದ ಬಂದ ಮಗಳ ಕೈಗೆ ಲೋಟ ಕೊಟ್ಟು, “ಕುಡಿ, ಕಾಫಿ ನಾನೇ ಮಾಡಿದ್ದು ಕಣೇ” ಎಂದರು. ನಾದಿನಿ ಕುಡಿಯುವುದನ್ನೂ ಮರೆತು ಅಮ್ಮನನ್ನು ತಬ್ಬಿಕೊಂಡಳು.

ಈಗ ಬೆಳಗಿನ ಅಡುಗೆಮನೆ ಅವರದೇ. ನಾನು ಒಳಗೆ ಕಾಲಿಟ್ಟರೆ, “ನೀನ್ಯಾಕೆ ಬಂದೆ, ಹೋಗಿ ಕೂತ್ಕೋ” ಎಂದು ಗದರಿ ಕಳಿಸುತ್ತಾರೆ. ಆ ಗದರಿಕೆ ಕೇಳಿದಾಗಲೆಲ್ಲ ಗೆದ್ದೆವು ಅನಿಸುತ್ತದೆ.