ಅಳತೆಗೆ ನಿಂತವಳು

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ಜಳಕ ಮಾಡಿಸಿ, ಹಣೆತುಂಬ ವಿಭೂತಿ ಬಳಿದು, ಕತ್ತು ವಾಲದಂತೆ ಬಟ್ಟೆ ಕಟ್ಟಿ ಗೋಡೆಗೆ ಒರಗಿಸುತ್ತೇವೆ. ಮುಂದೆ ಭಜನೆಯವರು ಕೂಡುತ್ತಾರೆ. ಹೋದ ವರ್ಷ ನನ್ನ ಹೆಂಡತಿಯನ್ನು ಹಾಗೆ ಕೂಡಿಸಿದ್ದಾಗ ಹಿರಿಯರೊಬ್ಬರು, "ಇಕಿದೊಂದು ಫೋಟೋ ತಗೊಂಬಾರಪಾ, ಹಾರ ಹಾಕಿ ಇಡೂನು" ಎಂದರು. ಅಲಮಾರಿನ ಕಡೆ ಹೊರಟವನು ನಡುವೆಯೇ ನಿಂತುಬಿಟ್ಟೆ. ರಾಯಚೂರು ಸೀಮೆಯ ಹಾಳುಗೋಡೆಗಳೆಲ್ಲ ಫೋಟೋದಲ್ಲಿ ನನ್ನ ಹತ್ತಿರ ಇದ್ದವು. ಅವಳು ಇರಲಿಲ್ಲ.

ಬಂದವರು ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನಿಂದ ಯಾರೋ ಅಂದರು, "ಕ್ಯಾಮರಾ ಕೊಳ್ಳಾಗ ಹಾಕ್ಕೊಂಡು ತಿರಗಾಂವಾ, ಹೇಂತಿದೊಂದು ಫೋಟೋ ಇಲ್ಲೇನು?"

ನಾನು ಅಕ್ಕಿ ಮಿಲ್ಲಿನ ಫಿಟ್ಟರ್. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಮಷೀನಿನ ಸದ್ದು ಕೇಳಿಯೇ ಯಾವ ಬೇರಿಂಗು ಸವೆದಿದೆ ಎಂದು ಹೇಳುತ್ತೇನೆ, ಇಲ್ಲಿಯವರೆಗೆ ಯಾರ ಮುಂದೂ ಕೈಯೊಡ್ಡಿಲ್ಲ. ಮದುವೆ ಫೋಟೋ ತೆಗೆಯುವವನೊಬ್ಬ ಹೊಸ ಕ್ಯಾಮರಾ ಕೊಂಡಾಗ ಅವನ ಹಳೆಯದು ನನ್ನ ಕೈಗೆ ಬಂತು. ಅಮಾವಾಸ್ಯೆಗೆ ಮಿಲ್ಲು ಬಂದ್ ಇರುತ್ತದೆ. ಓಣಿಯವರು ನೀರಮಾನ್ವಿ ಎಲ್ಲಮ್ಮನಿಗೆ ಹೊರಟರೆ ನಾವಿಬ್ಬರು ಗಾಡಿ ಹತ್ತಿ ಕೋಟೆಗಳ ಕಡೆ ಹೋಗುತ್ತಿದ್ದೆವು. ರಾಯಚೂರಿನ ನವರಂಗ ದರ್ವಾಜಾ, ಮಲಿಯಾಬಾದಿನ ಕಲ್ಲಾನೆ, ಮಾನ್ವಿಯ ಗುಡ್ಡ, ದೇವದುರ್ಗದ ಬುರುಜು.

"ಅಮಾಸಿ ದಿನ ಹಾಳ ಕ್ವಾಟ್ಯಾಗ ತಿರಗತೀರಿ, ಏನರ ಬೆನ್ನ ಹತ್ತಿ ಬಂದೀತು" ಎಂದು ಪಕ್ಕದ ಮನೆಯ ಮುದುಕಿ ಹೆದರಿಸಿದರೆ ನನ್ನ ಹೆಂಡತಿ, "ಬಂದ್ರ ಬರಲಿ ಬೇ, ಭಾಂಡಿ ತಿಕ್ಕಾಕ ಒಂದು ಆಳಾತು" ಎನ್ನುತ್ತಿದ್ದಳು.

ಮಷೀನು ಕೂಡಿಸಿದ ಮೇಲೆ ಭತ್ತ ಸುರಿಯುವ ಮೊದಲು ಒಮ್ಮೆ ಖಾಲಿ ಓಡಿಸಿ ನೋಡುತ್ತೇವೆ. ಫೋಟೋಕ್ಕೂ ನನ್ನದು ಅದೇ ಪದ್ಧತಿ. ಬಾಗಿಲ ಕೆಳಗೆ ಅವಳನ್ನು ನಿಲ್ಲಿಸಿ, ಬೆಳಕು ನೋಡಿ, ಅಳತೆಗೆಂದು ಒಂದು ಹೊಡೆಯುತ್ತಿದ್ದೆ. ಆಮೇಲೆ ಅವಳು ಬದಿಗೆ ಸರಿದರೆ ಖರೆ ಫೋಟೋ. ಅದಕ್ಕೆ ಅವಳದೊಂದು ಕರಾರಿತ್ತು. ಅಳತೆಯ ಫೋಟೋ ಅಲ್ಲೇ, ಅವಳ ಕಣ್ಣೆದುರೇ ಅಳಿಸಬೇಕು. ತವರೂರು ಕುರ್ಡಿಯಲ್ಲಿ ಅವಳ ಅವ್ವ ಜೀವಮಾನದಲ್ಲಿ ಒಮ್ಮೆ ಫೋಟೋಕ್ಕೆ ಕೂತಿದ್ದಳಂತೆ. ಕಟ್ಟು ಹಾಕಿದ ಫೋಟೋ ಮನೆಗೆ ಬರುವುದರೊಳಗೆ ಹೋಗಿಬಿಟ್ಟಳು. ನಮ್ಮ ಮದುವೆಗೂ ಫೋಟೋದವನು ಬೇಡ ಎಂದಿದ್ದಳು. ಬೇರೆಯವರ ಮದುವೆ ಮನೆಗಳಲ್ಲಿ ಕ್ಯಾಮರಾ ಕಂಡರೆ ಇವಳು ಅಡುಗೆಯವರ ನಡುವೆ ಸೇರಿಕೊಳ್ಳುತ್ತಿದ್ದಳು. ಕೋಟೆಯಲ್ಲಿ ಮಾತ್ರ, ನನಗಾಗಿ, ನಿಲ್ಲುತ್ತಿದ್ದಳು. ನಿಂತು ಬಂದು ಹೆಗಲ ಮೇಲಿಂದ ಬಗ್ಗಿ, "ಅಳಿಸಿದ್ರಿಲ್ಲ?" ಎನ್ನುತ್ತಿದ್ದಳು.

"ಅಳಿಸಿದೆ ಮಾರಾಯ್ತಿ."

ಉಳಿದದ್ದು ಒಂದೇ, ಆಧಾರ್ ಕಾರ್ಡಿನದು. ಅದರಲ್ಲಿ ಮುಖದ ಜಾಗಕ್ಕೆ ಇದ್ದದ್ದು ಕಪ್ಪು ಮಸಿ. ಆ ಮಸಿ ಊರಲ್ಲಿ ಯಾರ ಹೆಂಡತಿಯಾದರೂ ಆಗಬಹುದಿತ್ತು.

ಹೀಗಾಗಿ ಆ ಮುಂಜಾನೆ ಹಿರಿಯರು, "ನೀನಽ ಈಗೊಂದು ತೆಗಿಯಪಾ, ಮಣ್ಣಿಗೆ ಕೊಡೂದ್ರಾಗ" ಎಂದರು. ಭಜನೆಯವರನ್ನು ಬದಿಗೆ ಸರಿಸಿ, ಬಾಗಿಲು ಪೂರ್ತಿ ತೆರೆಸಿ, ಬೆಳಕು ಮುಖಕ್ಕೆ ಬೀಳುವಂತೆ ಮಾಡಿದೆ. ಒಂದೇ ಸಲ ಹೊಡೆದೆ. ಅದನ್ನು ಅಳಿಸಲಿಲ್ಲ.

ಕಟ್ಟು ಹಾಕಿಸಲು ಸ್ಟುಡಿಯೋಕ್ಕೆ ಕೊಟ್ಟೆ. ತರಲು ಹೋಗಿ ಸುತ್ತಿದ ಕಾಗದ ಬಿಚ್ಚಿದೆ. ಹೆಂಡತಿ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು.

"ಏನ್ ಮಾಡಿದೆಪಾ ಇದು?"

"ಎಲ್ಲಾರೂ ಹಂಗಽ ಮಾಡಸ್ತಾರ್ರಿ ಕಾಕಾ. ಮುಚ್ಚಿದ ಕಣ್ಣು ಗ್ವಾಡಿಗೆ ಛಲೋ ಕಾಣಂಗಿಲ್ಲ."

"ಯಾರ ಕಣ್ಣು ಇವು?"

"ಸ್ಟಾಕಿನಾಗ ಇರ್ತಾವ್ರಿ. ಯಾರ್ದೋ ಏನೋ."

ಆ ಫೋಟೋವನ್ನು ಗೋಡೆಗೆ ಹಾಕಿದೆ. ಬೇರೆ ಏನೂ ಇರಲಿಲ್ಲವಲ್ಲ. ಮೂಗು ಅವಳದು, ತುಟಿ ಅವಳದು, ನಡುವೆ ಯಾರೋ ಕೂತು ನೋಡುತ್ತಿದ್ದರು. ನನ್ನ ಹೆಂಡತಿ ಹಾಗೆ ನೋಡಿದವಳೇ ಅಲ್ಲ. ಅವಳ ನೋಟದಲ್ಲಿ ಸ್ವಲ್ಪ ಕುಚೋದ್ಯ ಇರುತ್ತಿತ್ತು. ಇವಳದು ಹೊಸ ಮದುಮಗಳ ಹಾಗೆ ಬೆದರಿದ ನೋಟ. ಊಟಕ್ಕೆ ಕೂತರೆ ತಟ್ಟೆಯ ಮೇಲೆ ಆ ಕಣ್ಣು. ಮನೆ ಬಿಟ್ಟು ಹೊರಗೆ ಹೋದರೆ ಆ ಕಣ್ಣಿನವಳು ಎಲ್ಲಿದ್ದಾಳೋ, ಬದುಕಿದ್ದಾಳೋ ಇಲ್ಲವೋ ಎಂಬ ಯೋಚನೆ. ತರಕಾರಿ ಬಜಾರಿನಲ್ಲಿ ಹೆಂಗಸರ ಮುಖವನ್ನೇ ನೋಡುತ್ತಾ ನಿಂತು, "ಏನ್ ನೋಡ್ತಿಯೋ ಮುದಿಯಾ, ಬದನಿಕಾಯಿ ಇಲ್ಲಿ ಕೆಳಗ ಅದಾವ" ಎಂದು ಬೈಸಿಕೊಂಡೆ.

ವರ್ಷದ ಪುಣ್ಯತಿಥಿಗೆ ಕೆಲವೇ ತಿಂಗಳು ಉಳಿದವು. ಅಷ್ಟರೊಳಗೆ ಅವಳದೇ ಕಣ್ಣು ಹುಡುಕಬೇಕು, ಇಲ್ಲದಿದ್ದರೆ ಈ ಬೇರೆಯವಳಿಗೇ ಎಡೆ ಹಿಡಿದು ಕೈ ಮುಗಿಯಬೇಕು. ಇಷ್ಟೇ ನನ್ನ ತಲೆಯಲ್ಲಿದ್ದದ್ದು.

ಅಳಿಸಿದ ಫೋಟೋ ಕ್ಯಾಮರಾದ ಮೆಮೊರಿ ಕಾರ್ಡಿನಿಂದ ಪೂರ್ತಿ ಹೋಗಿರುವುದಿಲ್ಲ ಎಂದು ಮಿಲ್ಲಿನಲ್ಲಿ ಯಾರೋ ಹೇಳಿದರು. ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ರಿಪೇರಿಯವನಿಗೆ ಕಾರ್ಡು ಕೊಟ್ಟೆ. ಸಂಜೆ ಕರೆದು ತೋರಿಸಿದ. ಬಂದಿದ್ದವು. ಎಲ್ಲ ಮೇಲಿನ ಅರ್ಧ ಮಾತ್ರ. ನವರಂಗ ದರ್ವಾಜಾದ ಕಮಾನು, ಅದರ ಮೇಲಿನ ಹುಲ್ಲು, ಒಂದು ಪಾರಿವಾಳ ಕೂಡ ಸ್ಪಷ್ಟ ಇತ್ತು. ಕೆಳಗೆ ಅವಳು ನಿಂತ ಜಾಗದಿಂದ ಬರೀ ಬೂದಿ ಬಣ್ಣ. ಒಂದರಲ್ಲಿ ತಲೆಯ ಬೈತಲೆಯವರೆಗೆ ಬಂದಿದ್ದಳು. ಬೈತಲೆಯ ಕೆಳಗೆ ಬೂದಿ.

"ಇಷ್ಟಽ ಬರ್ತದ್ರಿ ಯಜಮಾನ್ರ. ಉಳಿದದ್ದರ ಮ್ಯಾಲ ನೀವು ಮತ್ತ ಬ್ಯಾರೆ ತೆಗದೀರಿ."

ಕಲ್ಲಿನದು ತೆಗೆದಿದ್ದೆ.

ಆಮೇಲಿನ ಅಮಾವಾಸ್ಯೆಗಳಲ್ಲಿ ನಾವು ಹೋದ ಜಾಗಗಳಿಗೆಲ್ಲ ಒಬ್ಬನೇ ಹೋದೆ. ಕೋಟೆಗೆ ಬರುವವರೆಲ್ಲ ಮೊಬೈಲ್ ಹಿಡಿದಿರುತ್ತಾರೆ. ಯಾರದಾದರೂ ಹಿಂದೆ ಇವಳು ಬಿದ್ದಿರಬಹುದು ಎಂಬ ಆಸೆ. ರಾಯಚೂರಿನ ಗೋಡೆಯಲ್ಲಿ ಬರಹ ಕೆತ್ತಿದ ಉದ್ದನೆಯ ಕಲ್ಲಿನ ಹತ್ತಿರ ಕೂತೆ. ಮಾನ್ವಿ ಗುಡ್ಡ ಹತ್ತಿದೆ. ಕ್ಯಾಮರಾದ ಕಿಂಡಿಗೆ ಕಣ್ಣು ಇಟ್ಟರೆ ಬಾಗಿಲ ಕೆಳಗೆ ಹಸಿರು ಸೀರೆ ಸರಿದ ಹಾಗೆ ಆಗುತ್ತಿತ್ತು. ತೆಗೆದು ನೋಡಿದರೆ ಬಿಸಿಲು. ಯಾರನ್ನು ಏನೆಂದು ಕೇಳುವುದು? ನನ್ನ ಹೆಂಡತಿಯ ಮುಖ ನಿಮ್ಮಲ್ಲಿ ಅದ ಏನು ಎಂದು ಕೇಳಲು ನನ್ನ ನಾಲಿಗೆ ಏಳಲಿಲ್ಲ.

ಕಡೆಗೆ ದೇವದುರ್ಗ. ಬುರುಜಿನ ಕೆಳಗೆ ಒಬ್ಬ ಹೆಣ್ಣುಮಗಳು ಚಹಾ, ಮಿರ್ಚಿ ಮಾಡುತ್ತಾಳೆ. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು.

"ಬರ್ರಿ ಯಪ್ಪಾ. ಒಬ್ರಽ ಬಂದೀರಿ? ಅಕ್ಕಾರು ಎಲ್ಲಿ?"

ಹೇಳಿದೆ. ಅವಳು ಸೌಟು ಕೆಳಗಿಟ್ಟು ಒಲೆಯ ಮುಂದೆಯೇ ಕೂತಳು. ಸೆರಗಿನಲ್ಲಿ ಮೂಗು ಒರೆಸಿಕೊಂಡು, "ನನ್ನ ಹಂತ್ಯಾಕ ಅದಾರ ನೋಡ್ರಿ ಅಕ್ಕಾರು" ಎಂದು ಮೊಬೈಲ್ ತೆಗೆದಳು. "ಹ್ವಾದ ಶ್ರಾವಣದಾಗ ನೀವು ಮ್ಯಾಲ ಹತ್ತಿದ್ರಿ. ಇಕಿ ನಮ್ಮ ತಂಗಿ ಸೆಲ್ಫಿ ತೆಗ್ಯಾಕತ್ತಿದ್ಲು. ಅಕ್ಕಾ ನೀವೂ ಬರ್ರಿ ಅಂದ್ವಿ. ಬ್ಯಾಡವಾ ಬ್ಯಾಡ ಅಂದ್ರು. ಯಾಕ್ರಿ, ನಿಮ್ಮ ಯಜಮಾನ್ರು ಬರೇ ಕಲ್ಲಿಂದಽ ತೆಗೀತಾರೇನು ಅಂದೆ ನಾನು. 'ಹೌದವಾ, ನಾನೂ ಕಲ್ಲಾದೆ ಅಂದ್ರ ನನ್ದೂ ತೆಗೀತಾರ' ಅಂತ ಅಂದು ಹಿಂಗ ನಕ್ರು ನೋಡ್ರಿ. ಆಗ ಹೊಡದಾಳ ಇಕಿ."

ಮೊಬೈಲ್ ತೆಗೆದುಕೊಂಡೆ. ಮೂರು ಹೆಂಗಸರು, ನಡುವೆ ಅವಳು. ಎಲೆಯಡಿಕೆಯಿಂದ ಕೆಂಪಾದ ಹಲ್ಲು, ಮಿರ್ಚಿ ಹಿಡಿದ ಕೈ, ಜಾರಿದ ಸೆರಗು. ಅವಳೇ. ಕಣ್ಣು ಮಾತ್ರ ನಗುವಿನಲ್ಲಿ ಮುಚ್ಚಿಹೋಗಿದ್ದವು. ಎರಡು ಗೆರೆ, ಅಷ್ಟೇ.

"ಇನ್ನೊಂದು ಅದ ಏನವಾ?"

"ಇಲ್ಲ ಯಪ್ಪಾ. ಇದನ್ನಽ ಅಳಸ್ರೆವಾ ಅಂತಿದ್ರು. ನಾವಽ ಅಳಸಲಿಲ್ಲ."

ಅದು ನಾವಿಬ್ಬರೂ ಕೂಡಿ ಹೋದ ಕಡೆಯ ಸಲ. ಮುಂದಿನ ಅಮಾವಾಸ್ಯೆ ಬರುವುದರೊಳಗೆ ಅವಳು ಹಾಸಿಗೆ ಹಿಡಿದಿದ್ದಳು. ನಾನು ಮಷೀನಿನ ಮನುಷ್ಯ, ಇಂಥದ್ದನ್ನು ನಂಬುವವನಲ್ಲ. ಆದರೂ ಗಾಡಿ ಚಾಲೂ ಮಾಡುವ ಮೊದಲು ಬುರುಜಿನ ಕಡೆ ಬಹಳ ಹೊತ್ತು ನೋಡಿದೆ. ಆ ಹೆಣ್ಣುಮಗಳಿಗೆ ಕುರ್ಡಿಯ ಅವ್ವನ ಸುದ್ದಿ ಹೇಳಲಿಲ್ಲ. ಹೇಳಿದ್ದರೆ ಜನ್ಮಪೂರ್ತಿ ಹೊತ್ತುಕೊಂಡು ಕೂಡುತ್ತಿದ್ದಳು.

ಚಹಾದವಳು ಮೊಬೈಲಿಗೆ ಕಳಿಸಿಕೊಟ್ಟ ಫೋಟೋದಲ್ಲಿ ಸ್ಟುಡಿಯೋದವನು ಪಕ್ಕದ ಇಬ್ಬರನ್ನು ಬಿಡಿಸಿ ನನ್ನ ಹೆಂಡತಿಯನ್ನಷ್ಟೇ ದೊಡ್ಡದು ಮಾಡಿದ. "ಕಣ್ಣು ಮುಚ್ಯಾವಲ್ರೀ ಕಾಕಾ. ತಡೀರಿ, ಸ್ಟಾಕಿನಾಗಿಂದು ಹಚ್ಚಿಬಿಡ್ತೀನಿ."

"ಮುಟ್ಟಬ್ಯಾಡ."

"ಮಂದಿ ಏನಂದಾರು?"

"ಮಂದಿ ನನ್ನ ಮನಿಗೆ ಬರ್ತಾರ, ನಿನ್ನ ಅಂಗಡಿಗಲ್ಲ." ಹಳೆಯ ಫೋಟೋವನ್ನು ಕಟ್ಟಿನ ಸಮೇತ ಒಯ್ದಿದ್ದೆ. ಅವನ ಟೇಬಲ್ಲಿನ ಮೇಲೆ ಮುಖ ಕೆಳಗೆ ಮಾಡಿ ಇಟ್ಟೆ. "ಈ ಕಣ್ಣು ಯಾರವೋ, ಅವರಿಗೆ ವಾಪಸ್ ಮುಟ್ಟಿಸು."

ಅವನು ನಗಲು ಹೋಗಿ, ನನ್ನ ಮುಖ ನೋಡಿ, ಹೊಸದಕ್ಕೆ ಕಟ್ಟು ಹುಡುಕತೊಡಗಿದ.

ಪುಣ್ಯತಿಥಿಗೆ ಮಾನ್ವಿಯಿಂದ ಬಂದ ನನ್ನ ಹೆಂಡತಿಯ ತಂಗಿ ಹೊಸ್ತಿಲಲ್ಲೇ ನಿಂತಳು. "ಇದೇನ್ರೀ ಮಾವಾ, ಕಣ್ಣು ತೆರೆದದ್ದು ತೆಗದು ಮುಚ್ಚಿದ್ದು ಹಾಕೀರಿ? ಸತ್ತವರ ಫೋಟೋ ಕಂಡಂಗ ಕಾಣತದ."

"ಇದರಾಗ ಆಕಿ ಜೀವಂತ ಅದಾಳವಾ" ಎಂದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ. ಎಡೆ ಹಿಡಿಯುವಾಗ ಫೋಟೋದ ಕಡೆ ಒಂದೇ ಒಂದು ಸಲ ನೋಡಿ, ಆಮೇಲೆ ನೋಡಲೇ ಇಲ್ಲ.

ಈಗ ಮನೆಯಲ್ಲಿ ನನ್ನನ್ನು ಯಾರೂ ನೋಡುತ್ತಿಲ್ಲ. ಊಟ ಗಂಟಲಲ್ಲಿ ಇಳಿಯುತ್ತದೆ. ಆದರೆ ಕೆಲವು ಸಂಜೆ, ಮಿಲ್ಲಿನಿಂದ ಬಂದು ದೀಪ ಹಚ್ಚಿ ಎದುರಿಗೆ ಕೂತರೆ, ಏಳಲು ಮನಸ್ಸಾಗುವುದಿಲ್ಲ. ಎಷ್ಟು ನಕ್ಕರೂ ಮನುಷ್ಯರು ಒಮ್ಮೆ ನಿಲ್ಲಿಸಬೇಕಲ್ಲ. ನಿಲ್ಲಿಸಿದ ಮೇಲೆ ಕಣ್ಣು ತೆರೆಯಬೇಕಲ್ಲ. ತೆರೆದಾಗ ಎದುರಿಗೆ ನಾನಿರಬೇಕು ಎಂದು ಕೂತೇ ಇರುತ್ತೇನೆ.